ನಾಲ್ಕು ಸೆಲ್ಲು

ಚೆಂಡುಹೂವಿನ ಒಂದು ಎಸಳು ಕಂಪ್ಯೂಟರಿನ ಕೀಲಿಗಳ ಸಂದಿಯಲ್ಲಿ ಸಿಕ್ಕಿಕೊಂಡಿದೆ, ಉಗುರಿನಿಂದ ಎಬ್ಬಿಸಲು ಹೋದರೆ ಇನ್ನಷ್ಟು ಒಳಗೆ ಇಳಿಯುತ್ತದೆ, ಇಳಿಯಲಿ, ಗಾಜಿನ ಮೇಲೆ ಮೊನ್ನೆ ನಾನೇ ಎಳೆದ ವಿಭೂತಿಯ ಮೂರು ಗೆರೆ, ಅದರ ಹಿಂದೆ ಹಸಿರು ಅಕ್ಷರ, ತಾರೀಖಿನ ಜಾಗದಲ್ಲಿ ಒಂದನೇ ಜನವರಿ ಎಂಬತ್ತು ಎಂದಿದೆ — ಈಗ ಎಂಬತ್ತೆಂಟು, ದಸರೆ ಮುಗಿದ ಮರುದಿನ — ಈ ಪೆಟ್ಟಿಗೆಯ ಮಟ್ಟಿಗೆ ಎಂಟು ವರ್ಷ ನಡೆದೇ ಇಲ್ಲ, ಮಾಯವ್ವ ಚಿಗವ್ವ ಇನ್ನೂ ಬದುಕಿದ್ದಾಳೆ, ತಾರೀಖಿನ ಕೆಳಗೆ ಡಿಸ್ಕಿನ ನಂಬರು ಕೇಳುತ್ತಿದೆ, ಒಂದರಿಂದ ನಲವತ್ತೇಳರೊಳಗೆ ಯಾವುದು, ನಾನು ಒಂದು ಹೊಡೆದು ಏಳು ಹೊಡೆದು ಕೈ ತಡೆದಿದ್ದೇನೆ. ಬೆನ್ನ ಹಿಂದೆ ನಮ್ಮ ನೇಕಾರರ ಸಂಘದ ಅಧ್ಯಕ್ಷ ಸಂಗಯ್ಯನವರು, ಅವರ ಹಿಂದೆ ಐದಾರು ನೇಕಾರರು, ಏನೋ ಗುರಲಿಂಗಪ್ಪ, ಒತ್ತೋ, ಮುಹೂರ್ತ ನೋಡಾಕತ್ತೀ ಏನು ಅನ್ನುತ್ತಾರೆ, ಒತ್ತತೇನ್ರಿ, ತಡೀರಿ, ಒತ್ತಿದ ಮೇಲೆ ತಿರುಗಿ ತಗೊಳ್ಳಾಕ ಬರೂದಿಲ್ಲ.

ಬರುವುದಿಲ್ಲ. ಹುಬ್ಬಳ್ಳಿಯ ಎಂಜಿನಿಯರು ಎರಡು ವರ್ಷದ ಹಿಂದೆ ಪೆಟ್ಟಿಗೆ ಕೂಡಿಸಿದ ದಿನ ಹೇಳಿದ್ದ, ಒಳಗೆ ಒಂದು ಕಾರ್ಡು ಇದೆ, ಡಿಸ್ಕನ್ನು ನಡೆಸುವುದು ಅದೇ, ಆದರೆ ತನ್ನ ಕೈಕೆಳಗಿನ ಡಿಸ್ಕಿಗೆ ಎಷ್ಟು ತಟ್ಟೆ, ಒಂದೊಂದು ತಟ್ಟೆಗೆ ಎಷ್ಟು ಸುತ್ತು ಎಂಬುದು ಅದಕ್ಕೆ ತಾನಾಗಿ ತಿಳಿಯದು, ನಂಬರಿನಿಂದ ಹೇಳಬೇಕು, ತಪ್ಪು ನಂಬರು ಹೇಳಿ ಅದರ ಮೇಲೆ ಏನಾದರೂ ಬರೆದರೆ ಒಳಗಿನದೆಲ್ಲ ಹಾಳು, ಆ ನಂಬರನ್ನು ಪೆಟ್ಟಿಗೆಯ ನೆನಪಿನಲ್ಲಿ ಇಟ್ಟುಕೊಂಡಿರುವುದು ನಾಲ್ಕು ಸಣ್ಣ ಸೆಲ್ಲು, ಕರೆಂಟು ಹೋದರೂ ಅವು ಕಾಯುತ್ತವೆ. ನಾನು ಆಗ ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ, ಪಕ್ಕದಲ್ಲಿ ನಿಂತು ನೋಡುತ್ತಿದ್ದವನು ಖಾದರಬಾಷಾ. ಮ್ಯಾನೇಜರ್ ನಾನು, ಕೀಲಿ ಒತ್ತುವವನು ಅವನು, ತಿಳಿದುಕೊಳ್ಳಲಿ ಬಿಡು ಅಂದುಕೊಂಡಿದ್ದೆ. ಮೊನ್ನೆ ಖಂಡೇಪೂಜೆಗೆ ಕಾಯಿ ತಂದವನೂ ಅವನೇ. ನಮ್ಮ ಅಪ್ಪನ ಕಾಲದಿಂದಲೂ ಆ ದಿನ ಮಗ್ಗದ ಲಾಳಿ ಇಳಿಸಿ, ಎಳೆ ಬಾಚುವ ಫಣಿ ಬಿಚ್ಚಿ, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚುವುದು, ಪೂಜೆಯಾದ ಮೇಲೆ ಯಾವ ಸಾಮಾನೂ ದುಡಿಯಬಾರದು, ಇಡೀ ಇಳಕಲ್ಲಿನಲ್ಲಿ ಆ ದಿನ ಮಗ್ಗದ ಸಪ್ಪಳ ಕೇಳುವುದಿಲ್ಲ. ಎಲ್ಲರೂ ಪ್ರಸಾದ ತಗೊಂಡು ಹೋದರು, ನಾನು ಬಾಗಿಲು ಹಾಕುವಾಗ ನೋಡಿದೆ, ಕಂಪ್ಯೂಟರು ಆರಿದೆ, ಆದರೆ ಒಳಗೆ ಆ ಸೆಲ್ಲುಗಳು ದುಡಿಯುತ್ತಲೇ ಇವೆಯಲ್ಲ, ಎಲ್ಲಕ್ಕೂ ರಜೆ ಇವಕ್ಕೇ ಇಲ್ಲ, ಸ್ಕ್ರೂ ತಿರುವಿ ಮುಚ್ಚಳ ತೆಗೆದು ನಾಲ್ಕನ್ನೂ ಬಿಡಿಸಿ ಲಾಳಿಗಳ ಪಕ್ಕ ಮಲಗಿಸಿದೆ, ಒಂದೊಂದಕ್ಕೆ ಕುಂಕುಮ, ಎಷ್ಟು ಚಂದ ಕಂಡವು. ನಿನ್ನೆ ಬನ್ನಿ ಹಬ್ಬ, ಸಂಘಕ್ಕೆ ರಜೆ. ಇವತ್ತು ಮುಂಜಾನೆ ಯಾರೂ ಬರುವ ಮೊದಲೇ ಬಂದು ತಿರುಗಿ ಹಾಕಿದೆ, ಹಾಕಿದರೆ ಮುಗಿಯಿತು ಅಂದುಕೊಂಡೆ, ಕಂದೀಲಿಗೆ ಎಣ್ಣೆ ಹಾಕಿದ ಹಾಗೆ.

ಹತ್ತಕ್ಕೆ ಖಾದರಬಾಷಾ ಬಂದು ಸ್ವಿಚ್ಚು ಒತ್ತಿದ, ಡಿಸ್ಕು ಇಲ್ಲ ಅಂದಿತು. ಮುಚ್ಚಳ ತೆಗೆದು ನೋಡಿ ಮುಚ್ಚಿದ. ನನ್ನ ತಲೆಗೆ ಬೆಂಕಿ ಹತ್ತಿತು — ಡಿಸ್ಕಿನಲ್ಲಿ ಏನಿದೆ ಎಂದು ಅವನಿಗೆ ಗೊತ್ತಿಲ್ಲವೇ — ಏನ್ ಮಾಡಿ ಇಟ್ಟೀಲೇ, ನಿನ್ನ ಕೈಯಾಗ ಏನ್ ಕೊಟ್ರೂ ಮಣ್ಣ ಮಾಡತಿ ನೋಡು, ಮಾಯವ್ವ ಮುದುಕಿ ಒಂದು ವರ್ಷ ಕುಂತು ಹೇಳಿದ್ದೆಲ್ಲಾ ಒಂದ ದಿನಕ್ಕ ನುಂಗಿದಿ, ಸಂಗಯ್ಯನವರು ಕೇಳುತ್ತಿದ್ದರು, ನೂಲು ಒಯ್ಯಲು ಬಂದವರು ಕೇಳುತ್ತಿದ್ದರು, ಅವನು ಒಂದು ಸಲ ನನ್ನ ಮುಖ ನೋಡಿದ, ಏನೋ ಕಾಯುವವನ ಹಾಗೆ ನಿಂತ, ಆಮೇಲೆ ಟೋಪಿ ತಗೊಂಡು ಹೋದ. ಹೋಗಲಿ, ನಾನು ಇದ್ದದ್ದನ್ನು ಮುಖದ ಮೇಲೆ ಹೇಳುವವನು, ಇಡೀ ಊರಿಗೆ ಗೊತ್ತು.

ಮಾಯವ್ವ ಚಿಗವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಸೀರೆಯ ಅಂಚಿಗೆ ನೇಯುವ ಅರವತ್ಮೂರು ಬಗೆಯ ದಡಿಗಳ ಎಳೆ ಅವಳ ತಲೆಯಲ್ಲಿದ್ದವು, ಎಲ್ಲಿ ಕೆಂಪು, ಎಲ್ಲಿ ಹಳದಿ, ಎಷ್ಟು ಎಳೆ ಬಿಟ್ಟು ಯಾವುದನ್ನು ಎತ್ತಬೇಕು, ಈಗಿನ ಮಗ್ಗಗಳಲ್ಲಿ ಏಳೋ ಎಂಟೋ ದಡಿ ಉಳಿದಿವೆ. ಇದೇ ಜಾಗದಲ್ಲಿ ಕಾಲು ಚಾಚಿ ಕೂಡುತ್ತಿದ್ದಳು, ಕಣ್ಣು ಮುಚ್ಚಿ ಹೇಳುತ್ತಿದ್ದಳು, ಖಾದರಬಾಷಾ ಕಂಪ್ಯೂಟರಿಗೆ ಹೊಡೆಯುತ್ತಿದ್ದ, ಕೆಂಪು ನಾಕು, ಹಳದಿ ಎಲ್ಡು, ಏ ಖಾದರಾ, ನಿಂತಿ ಏನಲೇ, ಯವ್ವ ನಿನ್ನ ಬಾಯಿ ಲಾಳಿಕಿಂತ ಜೋರ ಓಡತೈತಿ, ನನಗ ಒತ್ತಾಕ ಬರೂವು ಎಲ್ಡ ಬಟ್ಟ ಅನ್ನುತ್ತಿದ್ದ ಅವನು, ಮತ್ತ ಉಳಿದ ಎಂಟು ಉಣ್ಣಾಕ ಇಟ್ಟೀ ಏನು, ಇಬ್ಬರೂ ನಗುತ್ತಿದ್ದರು. ಫ್ಲಾಪಿಗೆ ಒಂದು ಕಾಪಿ ತಗದ ಇಡೂಣ್ರಿ ಅಂತ ಅವನು ಕೇಳಿದ್ದ, ಇದ್ದದ್ದ ಎಲ್ಡೆಲ್ಡ ಸಲ ಯಾಕಲೇ ಅಂತ ಬೈದವನು ನಾನು. ಈ ಶ್ರಾವಣದಲ್ಲಿ ಚಿಗವ್ವ ಹೋದಳು. ಇನ್ನು ಅವು ಇರುವುದು ಈ ಡಿಸ್ಕಿನಲ್ಲಿ ಮಾತ್ರ.

ಹುಬ್ಬಳ್ಳಿಗೆ ಟ್ರಂಕ್ ಕಾಲ್ ಹಚ್ಚಿದೆ, ಸಂಗಯ್ಯನವರು ಪಕ್ಕದಲ್ಲೇ ಇದ್ದರು, ಸೆಲ್ ಏನರ ತಗದಿದ್ರೇನ್ರಿ ಅಂತ ಎಂಜಿನಿಯರು ಕೇಳಿದ, ಆಗ, ಆಗಲೇ ಎಲ್ಲ ತಿಳಿಯಿತು, ನಂಬರು ಅಳಿಸಿದವನು ನಾನೇ, ಇಲ್ರಿ ಅಂದೆ. ಹಾಗೆ ಯಾಕೆ ಅಂದೆನೋ. ಬಾಯಿ ತಾನೇ ಅಂದಿತು. ನಂಬರ್ ನಾ ಬರದಿಟ್ಟಿಲ್ಲ, ಗುರುವಾರ ಬಂದು ಹೊಸದಾಗಿ ಸಜ್ಜು ಮಾಡತೇನಿ, ಒಳಗಿದ್ದದ್ದು ಹೋಗತೈತಿ ನೋಡ್ರಿ ಅಂದ. ಸಂಗಯ್ಯನವರು, ಹೋಗ್ಲಿ ಬಿಡೋ, ಹೊಸದು ಮಾಡಿಸಿದ್ರಾತು ಅಂದರು. ಹೋಗಲಿ ಅಂದರೆ ತಪ್ಪು ಖಾದರಬಾಷಾನ ತಲೆಯ ಮೇಲೆ ಉಳಿಯುತ್ತದೆ, ನಾನು ನಾನಾಗಿಯೇ ಇರುತ್ತೇನೆ, ಚಿಗವ್ವನ ಅರವತ್ಮೂರು ದಡಿ ಅವಳ ಹಿಂದೆ ಹೋಗುತ್ತವೆ. ಎಂಜಿನಿಯರು ಪೆಟ್ಟಿಗೆ ಕೂಡಿಸುವಾಗ ಪಕ್ಕದಲ್ಲಿ ನಿಂತು ನೋಡಿದವನು ಖಾದರಬಾಷಾ ಒಬ್ಬನೇ, ಚಪ್ಪಲಿ ಮೆಟ್ಟಿದೆ.

ಅವನ ಓಣಿಯಲ್ಲಿ ಬಣ್ಣದ ನೀರು ಗಟಾರಿನಲ್ಲಿ ಕೆಂಪಗೆ ಹರಿಯುತ್ತಿತ್ತು, ಬಾಗಿಲಲ್ಲಿ ಅವನ ಹೆಂಡತಿ ಜೋಹರಾ ರಾಟಿ ತಿರುಗಿಸುತ್ತಿದ್ದಳು, ಒಳಗ ಬರ್ರಿ ಅಣ್ಣಾರ, ಅವರು ಬಂದ ಕೂಡ್ಲೆ ಮಗ್ಗಕ್ಕ ಕುಂತಾರ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಅವನು ನೇಯುತ್ತಿದ್ದ, ಬಲಗೈ ಲಾಳಿ ಎಸೆಯುತ್ತಿತ್ತು, ಎಡಗೈ ಹಿಡಿಯುತ್ತಿತ್ತು. ಡಿಸ್ಕಿನ ನಂಬರ್ ನಿನಗ ಗೊತ್ತೇನು ಅಂದೆ, ಗಟ್ಟಿಯಾಗಿಯೇ ಅಂದೆ, ಮೆತ್ತಗೆ ಕೇಳಿ ರೂಢಿಯಿಲ್ಲ. ಹದಿನೇಳು ಅಂದ. ತಲೆ ಎತ್ತಲಿಲ್ಲ. ಮುಂಜಾನಿ ಯಾಕ ಹೇಳಲಿಲ್ಲಲೇ, ಕೇಳಲಿಲ್ಲ ನೀವು, ಬೈದ್ರಿ. ಬಲಗೈ ಎಸೆಯಿತು, ಎಡಗೈ ಹಿಡಿಯಿತು. ಮುಚ್ಚಳ ತಗದಾಗ ನೋಡಿದ್ನಿ ಅಂದ, ಸೆಲ್ಲಿಗೆ ಕುಂಕುಮ ಹತ್ತಿತ್ತು. ಗೊತ್ತಿದ್ದೂ ಎಲ್ಲಾರ ಮುಂದ ಬೈಸಿಕೊಂಡಿ ಏನಲೇ, ಒಂದ ಮಾತು ಅನಬೇಕಿತ್ತಲ್ಲ ಅಂದೆ. ನೀವು ಅಂತೀರಿ ಅಂತ ನಿಂತಿದ್ನಿ, ಅಂದ. ಅಷ್ಟೇ. ಜೋಹರಾ ಚಹಾ ತಂದಳು, ಕುಡಿದೆನೋ ಇಲ್ಲವೋ, ಕಣ್ಣು ಆ ಕೈಯ ಮೇಲೆ, ಎಸೆಯಿತು, ಹಿಡಿಯಿತು, ಓಣಿ ದಾಟುವವರೆಗೂ ಬೆನ್ನ ಹಿಂದೆ ಅದರ ಸಪ್ಪಳ.

ಒತ್ತೋ, ಅನ್ನುತ್ತಾರೆ ಸಂಗಯ್ಯನವರು. ಒತ್ತುತ್ತೇನೆ. ತೆರೆ ಕಪ್ಪಾಗುತ್ತದೆ, ಕೆಂಪು ದೀಪ ಒಮ್ಮೆ ಹತ್ತಿ ಆರಿ ಮತ್ತೆ ಹತ್ತುತ್ತದೆ, ಒಳಗೆ ತಟ್ಟೆ ತಿರುಗುವ ಸಪ್ಪಳ, ಹೆಸರುಗಳು ಸಾಲಾಗಿ ಇಳಿಯುತ್ತವೆ, ಒಂದನ್ನು ತೆರೆಯುತ್ತೇನೆ, ಕೆಂಪು ನಾಲ್ಕು, ಹಳದಿ ಎರಡು, ಬಿಳಿ ಒಂದು, ಅರವತ್ಮೂರೂ ಇವೆ, ಇವೆ ಚಿಗವ್ವ. ಸಂಗಯ್ಯನವರು ನನ್ನ ಹೆಗಲು ಬಡಿಯುತ್ತಾರೆ, ನೋಡ್ರೆಪಾ, ಕೈ ಅಂದ್ರ ನಮ್ಮ ಗುರಲಿಂಗಪ್ಪಂದು, ಆ ಖಾದರ ಕೆಡಿಸಿ ಹೋದದ್ದನ್ನ ಇಂವ ಕುಂತಲ್ಲೆ ಸರಿ ಮಾಡಿದ. ಎಲ್ಲರೂ ಹೌದು ಹೌದು ಅನ್ನುತ್ತಾರೆ. ಎದ್ದು ನಿಂತಿದ್ದೇನೆ. ರೀ ಸಂಗಯ್ಯನವರ, ಆ ಸೆಲ್ಲು, ಅನ್ನುತ್ತೇನೆ, ಯಾವ ಸೆಲ್ಲೋ, ಅನ್ನುತ್ತಾರೆ ನಗುತ್ತ, ಆರು ಮುಖ ನನ್ನ ಕಡೆಗೆ ತಿರುಗಿವೆ, ಒಂದೇ ಮಾತು ಇರುವುದು, ಸೆಲ್ಲು ತೆಗೆದವನು ನಾನು, ಮೂವತ್ತು ವರ್ಷದಿಂದ ಯಾರ ಮುಖವನ್ನೂ ನೋಡದೆ ಆಡಿದವನು ನಾನು, ಆಡಬೇಕು, ಈಗಲೇ — ಬಲಗೈ ಎಸೆಯುತ್ತದೆ, ಎಡಗೈ ಹಿಡಿಯುತ್ತದೆ, ತಲೆ ಎತ್ತುವುದಿಲ್ಲ, ಬಲಗೈ ಎಸೆಯುತ್ತದೆ, ಎಡಗೈ