ಹತ್ತರೊಳಗೆ ನಲವತ್ತು

ಹೊಸ ಔಷಧಿಯ ಅಳತೆ ಗೊತ್ತುಮಾಡಿದ್ದು ತಾನೇ ಎಂದು ಅಕ್ಕ ಬೀದಿಯೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದರಲ್ಲಿ ಅರ್ಧ ಸುಳ್ಳು. ಕೇಳಿದರೆ ಅವಳೇ ಒಪ್ಪುತ್ತಾಳೆ. ಉಳಿದರ್ಧ ಹೀಗಿದೆ.

ಗಂಡ ತೀರಿಕೊಂಡ ಮೇಲೆ ಅವಳಿದ್ದದ್ದು ತಮ್ಮನ ಮನೆಯಲ್ಲಿ. ತಮ್ಮ ದರ್ಜಿ. ಅವನ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು. ಹಳೆಯ ಔಷಧಿ ಕೈಕೊಟ್ಟಾಗ ಡಾಕ್ಟರಮ್ಮ ಅವನನ್ನು ಎರಡು ಔಷಧಿ ಜೊತೆಗೂಡಿಸಿ ಕೊಡುವ ಪ್ರಯೋಗಕ್ಕೆ ಸೇರಿಸಿಕೊಂಡರು. ಎಷ್ಟು ಕೊಟ್ಟರೆ ಮೈ ತಡೆದೀತು ಎಂದು ನೋಡುವ ಮೊದಲ ಹಂತ ಅದು. ಗುಣವಾಗುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ತಮ್ಮನಿಗೆ ಉಳಿದಿದ್ದ ದಾರಿ ಅದೊಂದೇ. ತೊಂದರೆ ಬಾಯಿಬಿಟ್ಟರೆ ಹೊರಗೆ ಹಾಕುತ್ತಾರೆಂದು ಹೆದರಿ, ಔಷಧಿಯಿಂದಾಗುವ ತೊಂದರೆಗೆ ದಿನವೂ ಅಂಕಿ ಹಾಕಲೆಂದು ನರ್ಸಮ್ಮ ಕೊಟ್ಟ ಡೈರಿಯ ತುಂಬ ಸೊನ್ನೆ ಬರೆದಿದ್ದ.

"ಬೆರಳು ಜೋಮು ಹಿಡಿಯುತ್ತಾ? ಸೊನ್ನೆಯಿಂದ ಹತ್ತರೊಳಗೆ ಹೇಳಿ," ಎಂದರು ನರ್ಸಮ್ಮ, ಆಸ್ಪತ್ರೆಯಲ್ಲಿ ಆ ಡೈರಿ ತಿರುವುತ್ತ.

"ಸೊನ್ನೆ," ಎಂದ ತಮ್ಮ.

"ನಲವತ್ತು," ಎಂದಳು ಅಕ್ಕ.

"ಹತ್ತರೊಳಗೆ, ಅಜ್ಜಿ."

"ಹತ್ತರೊಳಗೆ ಹಿಡಿಸಲ್ಲಮ್ಮ. ನಿನ್ನೆ ಲೋಟ ಬೀಳಿಸ್ದ, ಮೂರು ಬೀದಿ ಆಚೆಗೆ ಕೇಳಿಸ್ತು."

"ಇವಳ ಮಾತು ಕಟ್ಕೋಬೇಡಿ ಸಿಸ್ಟರ್. ಸೊಳ್ಳೆ ಕಚ್ಚಿದ್ರೆ ಆನೆ ತುಳೀತು ಅಂತಾಳೆ."

"ನೀನು ಆನೆ ತುಳಿದ್ರೂ ಸೊಳ್ಳೆ ಅಂತೀಯಲ್ಲೋ."

ಯಾವ ಅಂಕಿ ಬರೆಯುವುದೆಂದು ತಿಳಿಯದೆ ನರ್ಸಮ್ಮ ಪೆನ್ನು ಕೆಳಗಿಟ್ಟರು. ಅಕ್ಕ ತಮ್ಮನ ಕಾಲರಿಗೆ ಸದಾ ಸಿಕ್ಕಿಸಿರುತ್ತಿದ್ದ ಸೂಜಿ ಕಿತ್ತು, ತನ್ನ ಸೀರೆಯಂಚಿನ ಒಂದೆಳೆ ಹರಿದು ಕೈಗಿಟ್ಟಳು.

"ಪೋಣಿಸು. ಕಣ್ಣುಮುಚ್ಚಿ ಪೋಣಿಸ್ತಿದ್ದೋನು ನೀನು."

ಮೊದಲ ಸಲ ಎಳೆ ಜಾರಿತು. ಎರಡನೆಯ ಸಲ ಸೂಜಿ ಬೆರಳಿಗೇ ಚುಚ್ಚಿ ರಕ್ತ ಜಿನುಗಿತು. ಅದು ಅವನಿಗೆ ಗೊತ್ತೇ ಆಗಲಿಲ್ಲ.

"ಏಳು ಅಂತ ಬರ್ಕೊಳ್ಳಿ ಸಿಸ್ಟರ್," ಎಂದ ತಮ್ಮ, ನೆಲ ನೋಡುತ್ತ. "ಮುಗೀತು ಅಕ್ಕ. ಇನ್ನು ಕಳಿಸಿಬಿಡ್ತಾರೆ."

ಡಾಕ್ಟರಮ್ಮ ಬಂದು ಬೆರಳು ಮುಟ್ಟಿ ನೋಡಿದರು. "ನಿಮ್ಮ ಸೊನ್ನೆ ನಂಬಿದ್ರೆ ಮುಂದೆ ಬರೋರಿಗೆ ಇನ್ನೂ ಜಾಸ್ತಿ ಕೊಡ್ತಿದ್ವಿ. ತಪ್ಪು ಅಳತೆ ಕೊಟ್ರೆ ಬಟ್ಟೆ ಏನಾಗುತ್ತೆ ಅಂತ ದರ್ಜಿಗೆ ನಾನು ಹೇಳ್ಬೇಕಾ? ಸದ್ಯಕ್ಕೆ ನಿಲ್ಸೋಣ. ಜೋಮು ಇಳಿದ್ರೆ, ಕಡಿಮೆ ಅಳತೇಲಿ ನೋಡ್ಬಹುದು."

ಎರಡು ವಾರ ತಮ್ಮ ದಿನಕ್ಕೆ ನೂರು ಸಲ ಬೆರಳು ಮಡಚಿ ಬಿಡಿಸಿದ. ನೂರು ಅಕ್ಕನ ಲೆಕ್ಕ, ಹತ್ತಂತೂ ನಿಜ. ಮೂರನೆಯ ವಾರ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು, ಮರುದಿನ ನರ್ಸಮ್ಮನ ಫೋನು ಬಂತು. ಫೋನಿಟ್ಟವನೇ ತಮ್ಮ ಡೈರಿಯ ಹೊಸ ಪುಟದಲ್ಲಿ ತಾರೀಕು ಬರೆದು, ಅದಕ್ಕೊಂದು ಹೊದಿಕೆ ಹೊಲಿಯಲು ಬಟ್ಟೆ ಹುಡುಕತೊಡಗಿದ. ಸೂಜಿಗೆ ದಾರ ಪೋಣಿಸಿಕೊಟ್ಟವಳು ಅಕ್ಕ.

ನರ್ಸಮ್ಮ ಏನೆಂದಿರಬಹುದು? ನೀವೇ ಹೇಳಿ ನೋಡೋಣ.