ಶ್ರುತಿ ಕೊಡದ ಆರ್ಗನ್

ಲೊವೀನಿಯಾಗೆ ಅರವತ್ತೇಳು ತುಂಬಿತ್ತು. ಅದರಲ್ಲಿ ನಲವತ್ತೆಂಟು ವರ್ಷ ಹಾಡಿದ್ದೇ ಬದುಕು, ಅದೂ ಹೆಚ್ಚಾಗಿ ಒಂದೇ ಹಾಡು. ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಮೆಂಫಿಸ್ಸಿನ ಒಂದು ಸ್ಟುಡಿಯೋದಲ್ಲಿ, ಬಿಟ್ಟುಹೋದ ಗಂಡನನ್ನು ಬೈಯುತ್ತಲೇ ವಾಪಸು ಕರೆಯುವ, 'ಸೋಲ್' ಎಂಬ ಧಾಟಿಯ ಹಾಡೊಂದನ್ನು ಒಂದೇ ಏಟಿಗೆ ಹಾಡಿ ಮುಗಿಸಿದ್ದಳು. ಆಗಿನ್ನೂ ಅವಳಿಗೆ ಗಂಡನೇ ಇರಲಿಲ್ಲ. ಆಮೇಲೆ ಇಬ್ಬರು ಬಂದರು, ಇಬ್ಬರೂ ಹೋದರು. ಹಾಡು ಮಾತ್ರ ಬೆನ್ನು ಬಿಡಲಿಲ್ಲ.

ಈಗ ಅವಳು ಹಾಡುವುದು ಟ್ಯೂನಿಕಾದ ಜೂಜಿನ ಹೋಟೆಲುಗಳಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಬ್ಯಾಂಡಿನವರು ಮೊಮ್ಮಕ್ಕಳ ವಯಸ್ಸಿನವರು. ಹಳೆಯ ರೆಕಾರ್ಡ್ ಕೇಳಿ ಕಲಿತವರಾದ್ದರಿಂದ ಅದರ ಶ್ರುತಿಯಲ್ಲೇ ಶುರು ಹಚ್ಚಿಕೊಳ್ಳುತ್ತಿದ್ದರು. ಸ್ವಲ್ಪ ಇಳಿಸಿ ಎಂದರೆ ಹಾಡಿನ ಕಳೆ ಹೋಗುತ್ತದೆ ಎನ್ನುತ್ತಿದ್ದರು. ಹಾಡುವವಳ ಕಳೆ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮೇಲಿನ ಸ್ವರಗಳು ಉದುರಿಹೋಗಿ ಮೂರು ವರ್ಷವಾಗಿತ್ತು. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ.

ಅಕ್ಕ ಆರ್ಡೆಲ್ಲಾಗೂ ಹೇಳಿರಲಿಲ್ಲ. ಆರ್ಡೆಲ್ಲಾ ಚರ್ಚು ಬಿಟ್ಟು ಎಲ್ಲಿಗೂ ಹೋದವಳಲ್ಲ. ತಂಗಿಯ ರೆಕಾರ್ಡ್ ಬಂದ ವರ್ಷ, ದೇವರು ಕೊಟ್ಟ ಗಂಟಲನ್ನು ಹೆಂಡದಂಗಡಿಗೆ ಮಾರಿದಳೆಂದು ಚರ್ಚಿನ ಸಭೆಯವರು ಲೊವೀನಿಯಾಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದಾಗ ಅಕ್ಕ ತುಟಿ ಬಿಚ್ಚಲಿಲ್ಲ. ಆದರೆ ಅಂದಿನಿಂದ ಒಂದು ಭಾನುವಾರವೂ ತಪ್ಪಿಸದೆ ಫೋನ್ ಮಾಡಿದಳು. ಕೊನೆಯ ಸಲ ಮಾಡಿದ್ದು ಆಸ್ಪತ್ರೆಯಿಂದ.

"ನೋಡೇ ವಿನೀ, ನನ್ನ ಮಣ್ಣಿಗೆ ನೀನೇ ಹಾಡ್ಬೇಕು. ಪಾಸ್ಟರ್ ಹತ್ರ ಬರೆಸಿಟ್ಟಿದೀನಿ. ಕೈ ಕೊಟ್ಯೋ, ಮೇಲೆ ಬಂದಾಗ ಮಾತಾಡ್ಸಲ್ಲ."

ಆಯ್ತು ಕಣೇ ಎಂದುಬಿಟ್ಟಿದ್ದಳು. ಆ ಒಂದು ಮಾತಿಗೆ ಈಗ ಶನಿವಾರ ಹನ್ನೊಂದು ಗಂಟೆಗೆ, ತನ್ನನ್ನು ಹೊರಗೆ ಹಾಕಿದ ಅದೇ ಚರ್ಚಿನಲ್ಲಿ, ಅಕ್ಕನ ಶವಪೆಟ್ಟಿಗೆಯ ಮುಂದೆ ನಿಂತಿದ್ದಳು. ನೆಲಮಾಳಿಗೆಯಿಂದ, ಮಣ್ಣಾದ ಮೇಲಿನ ಊಟಕ್ಕೆ ಕೋಳಿ ಕರಿಯುವ ವಾಸನೆ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಟೋಪಿ ಇಟ್ಟು ಕುಳಿತಿದ್ದ ತೊಂಬತ್ತರ ಮುದುಕಿ, ಸಭೆಯ ಹಿರಿಯಳು ಮದರ್ ಜೆರೂಷಾ, ಕಾಗದದ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ಅಂದು ಹೆಸರು ಓದಿ ಹೊರಗೆ ಹಾಕಿದವಳು ಅವಳೇ.

ಲೊವೀನಿಯಾ ಆರ್ಗನ್ನಿನ ಕಡೆ ನೋಡಿ ಶ್ರುತಿಗೆ ಕಾದಳು. ಆರ್ಗನ್ ನುಡಿಸುವ ಕ್ಲೈಟಸ್, ತಲೆ ನರೆತ ಮನುಷ್ಯ, ಕೈಯನ್ನು ವಾದ್ಯದ ಸ್ವರದ ಮನೆಗಳ ಮೇಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಬೆರಳು ಅಲ್ಲಾಡಲಿಲ್ಲ. ಅವಳು ಕಾದಳು, ಅವನೂ ಕಾದ.

"ನಿಧಾನವಾಗ್ಲಿ ಮಗಳೇ," ಎಂದಿತು ಹಿಂದಿನಿಂದ ಒಂದು ದನಿ. ದುಃಖಕ್ಕೆ ಹಾಡು ಹೊರಡುತ್ತಿಲ್ಲ ಎಂದು ಸಭೆಯವರೆಲ್ಲ ತಿಳಿದಿದ್ದರು. ಲೊವೀನಿಯಾ ತಿಳಿದದ್ದೇ ಬೇರೆ. ನಲವತ್ತೆಂಟು ವರ್ಷವಾದರೂ ಇವರ ಹೊಟ್ಟೆಯ ಸಿಟ್ಟು ಆರಿಲ್ಲ, ತುಂಬಿದ ಸಭೆಯಲ್ಲಿ ನಿಲ್ಲಿಸಿ ಮಾನ ಕಳೆಯುತ್ತಿದ್ದಾರೆ ಎಂದುಕೊಂಡಳು. ಜಗಳವಾಡಲೂ ತ್ರಾಣವಿರಲಿಲ್ಲ. ಕಾಲೆಳೆದುಕೊಂಡು ಆರ್ಗನ್ನಿನ ಹತ್ತಿರ ಹೋಗಿ ಬಗ್ಗಿದಳು.

"ಇವತ್ತೊಂದಿನ ಕೊಟ್ಬಿಡಪ್ಪಾ. ನನ್ನ ಮೇಲಿನ ಸಿಟ್ಟನ್ನ ಅಕ್ಕನ ಮೇಲೆ ತೀರಿಸ್ಕೋಬೇಡ."

ಕ್ಲೈಟಸ್ ಪಿಳಿಪಿಳಿ ಕಣ್ಣು ಬಿಟ್ಟ. "ಏನ್ ಕೊಡ್ಲಿ?"

"ಶ್ರುತಿ."

"ಅಯ್ಯೋ ಸಿಸ್ಟರ್ ವಿನೀ, ಈ ಚರ್ಚಲ್ಲಿ ಆರ್ಗನ್ನೋನು ಯಾವತ್ತು ಶ್ರುತಿ ಕೊಟ್ಟಿದಾನೆ? ಹಾಡು ಎತ್ಕೊಳೋರು ನೀವು. ನೀವೆಲ್ಲಿ ನಿಲ್ತೀರೋ ಅಲ್ಲಿಗೆ ನಾನ್ ಬರ್ತೀನಿ."

ಇದೇ ಚರ್ಚಿನಲ್ಲಿ ಹಾಡುತ್ತಿದ್ದ ಎಂಟು ವರ್ಷದ ಹುಡುಗಿಯಾಗಿದ್ದಾಗ ಅವಳಿಗೆ ಇದು ಗೊತ್ತಿತ್ತು. ಇಲ್ಲಿ ಹಾಡುವವರು ಎತ್ತಿಕೊಂಡ ಕಡೆಗೆ ವಾದ್ಯ ಹುಡುಕಿಕೊಂಡು ಬರಬೇಕು. ಬ್ಯಾಂಡಿನವರ ಹಿಂದೆ ಓಡಿ ಓಡಿ ಅದನ್ನೇ ಮರೆತಿದ್ದಳು. ಅವಳಿಗೆ ನಾಚಿಕೆಯಾಯಿತು.

"ನಾನೀಗ ತುಂಬಾ ಕೆಳಗಿದೀನಿ ಕಣಪ್ಪಾ," ಎಂದಳು. ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಕೆಳಗೇ ಬರ್ತೀನಿ, ಬಿಡಿ."

ಅವಳು ಪೆಟ್ಟಿಗೆಯ ಮುಂದಕ್ಕೆ ಬಂದು ಸಭೆಯ ಹಳೆಯ ಹಾಡೊಂದನ್ನು ಎತ್ತಿಕೊಂಡಳು. ಗಂಡಸಿನ ದನಿಯಷ್ಟು ತಗ್ಗಿನಲ್ಲಿ, ಒರಟಾಗಿ ಹೊರಟಿತು. ಆರ್ಗನ್ ಎರಡು ಮನೆ ತಡವರಿಸಿ ಅವಳನ್ನು ಹಿಡಿಯಿತು. ಮೂಲೆಯಲ್ಲಿದ್ದ ಹಿರಿಯ ಗಂಡಸರ ಮಂದ್ರ ದನಿ ಸುಲಭವಾಗಿ ಸೇರಿಕೊಂಡಿತು. ಹೆಂಗಸರಿಗೆ ಅದು ಕಷ್ಟದ ಜಾಗ, ಆದರೂ ಗದ್ದ ಎದೆಗೊತ್ತಿಕೊಂಡು ಇಳಿದು ಬಂದರು. ಮದರ್ ಜೆರೂಷಾ ಬೀಸಣಿಗೆ ಮಡಿಲಿಗೆ ಹಾಕಿ ತನ್ನ ಒಡಕು ದನಿಯನ್ನೂ ಕೂಡಿಸಿದಳು.

ಎರಡನೆಯ ಚರಣದ ನಡುವೆ ಲೊವೀನಿಯಾಳ ಹಾಡು ನಿಂತೇಹೋಯಿತು. ಇಷ್ಟು ವರ್ಷಗಳಲ್ಲಿ ಹಾಡಿನ ಮಧ್ಯೆ ಅವಳು ಎಂದೂ ಕುಳಿತವಳಲ್ಲ. ಈಗ ಅಕ್ಕನ ಪಕ್ಕದ ಕುರ್ಚಿಯಲ್ಲಿ ಕುಸಿದು ಕುಳಿತು, ಅಕ್ಕನಿಗಾಗಿ ಅತ್ತಳು, ಆಮೇಲೆ ತನಗಾಗಿಯೂ ಅತ್ತಳು. ಅವಳು ಬಿಟ್ಟಮೇಲೆ ಸಭೆ ತನಗೆ ಹಿತವಾದ ಎತ್ತರಕ್ಕೆ ಏರಿಸಿಕೊಳ್ಳಬಹುದಿತ್ತು. ಯಾರೂ ಏರಿಸಲಿಲ್ಲ. ಅವಳು ಎದ್ದು ಬಂದರೆ ಸೇರಿಕೊಳ್ಳಲಿ ಎಂದು, ಅವಳು ಬಿಟ್ಟ ಆ ತಗ್ಗಿನಲ್ಲೇ ಹಾಡುತ್ತಿದ್ದರು.