ಕೋಟಿನ ಮೂರನೆಯ ಗುಂಡಿ

ಏಣಿಯಿಂದ ಇಳಿದು ಕೋಟು ಸರಿಮಾಡಿಕೊಳ್ಳಲು ಹೋದಾಗ ಅವಳ ಕೈಗೆ ಮೂರನೆಯ ಗುಂಡಿ ಸಿಗಲಿಲ್ಲ. ಅದಿದ್ದ ಜಾಗದಲ್ಲಿ ಒಂದೆಳೆ ಕರಿದಾರ ನೇತಾಡುತ್ತಿತ್ತು.

ಕೋಟು ವಕೀಲಿ ಮಾಡುವ ಅಕ್ಕನದು. ಅಕ್ಕ ಕಡ್ಡಿ ಪೈಲ್ವಾನ್, ಇವಳು ಹಾಗಲ್ಲ. ಬೆಳಿಗ್ಗೆ ಅಜ್ಜಿಯೇ ಗುಂಡಿಗಳನ್ನೆಲ್ಲ ಮತ್ತೆ ಹೊಲಿದು, ಒಂದೊಂದನ್ನೂ ಜಗ್ಗಿ ನೋಡಿ, "ಕೋಟು ಹರಿದ್ರೂ ಗುಂಡಿ ಬೀಳಲ್ಲ, ಹೋಗಿ ಬಾ" ಎಂದು ಕಳಿಸಿದ್ದಳು.

ಗುಂಡಿ ಬೀಳುವ ತನಕ ಸಂದರ್ಶನ ಹೂವೆತ್ತಿದಷ್ಟು ಹಗುರವಾಗಿ ಸಾಗಿತ್ತು. ಫ್ಯಾನ್ ಫ್ಯಾಕ್ಟರಿಯವಳು ಎಂದ ಕೂಡಲೇ ಬೇರೆ ವಿಮಾನ ಕಂಪನಿಗಳೆಲ್ಲ ಬಾಗಿಲಿನಿಂದಲೇ ಕಳಿಸಿದ್ದವು. ಇಲ್ಲಿ ಒಳಗೆ ಬಿಟ್ಟಿದ್ದೇ ಹೆಚ್ಚು. ನಕ್ಕರೆ ಎಲ್ಲಿ ಮುತ್ತು ಉದುರೀತೋ ಎಂಬಂತೆ ಮುಖ ಬಿಗಿದುಕೊಂಡಿದ್ದ ಮುಖ್ಯ ಇಂಜಿನಿಯರು, "ಫ್ಯಾನಿನ ರೆಕ್ಕೆ ಮಾಡೋರಿಗೆ ವಿಮಾನ ಯಾಕಮ್ಮ?" ಎಂದು ಕೇಳಿದ್ದರು.

"ಫ್ಯಾನು ತಿರುಗಿದಲ್ಲೇ ತಿರುಗುತ್ತೆ ಸರ್."

ಅವರ ಮೀಸೆ ಒಂದು ಚೂರು ಅಲುಗಿತ್ತು. ಆಮೇಲೆ ತಾವೇ ಶೆಡ್ ತೋರಿಸಲು ಕರೆತಂದರು. ವಿಮಾನದೊಳಗೆ ಏನೂ ಬೀಳದಿರಲೆಂದು ಬಾಗಿಲಲ್ಲಿ ಅವಳ ಪೆನ್ನು, ಚಿಲ್ಲರೆ, ಉಂಗುರ ಎಲ್ಲವನ್ನೂ ತೆಗೆದಿಡಿಸಿಕೊಂಡರು; ಗುಂಡಿಯತ್ತ ಯಾರ ಗಮನವೂ ಹೋಗಲಿಲ್ಲ. ಒಳಗೆ ಅರ್ಧ ಕಟ್ಟಿದ ವಿಮಾನ ನಿಂತಿತ್ತು. ಏಣಿಯನ್ನು ಅವರು ಹಿಡಿದುಕೊಂಡರು, ಅವಳು ಹತ್ತಿ ಬಾಲದ ಕಿಂಡಿಯೊಳಗೆ ಸೊಂಟದವರೆಗೆ ತೂರಿ ನೋಡಿದಳು. ಚಿಕ್ಕಂದಿನಿಂದ ಕಾದಿದ್ದ ನೋಟ, ಖುಷಿಯಲ್ಲಿ ಮೈಮರೆತಿದ್ದಳು.

ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಕೆಲಸ ಕೈತಪ್ಪಿದ ಹಾಗೇ. ತನ್ನ ಗುಂಡಿಯನ್ನೇ ನೋಡಿಕೊಳ್ಳಲಾರದವಳ ಕೈಗೆ ವಿಮಾನ ಯಾರು ಕೊಡುತ್ತಾರೆ? ಆದರೆ ಬಾಲವನ್ನು ಆಡಿಸುವ ಉಕ್ಕಿನ ತಂತಿಗಳು ಆ ಕಿಂಡಿಯೊಳಗೆ ರಾಟೆಗಳ ಮೇಲೆ ಹಾಯುವುದನ್ನು ಈಗಷ್ಟೇ ಕಣ್ಣಾರೆ ಕಂಡಿದ್ದಳು. ರಾಟೆ ಸಿಕ್ಕಿಕೊಳ್ಳಲು ಒಂದು ಗುಂಡಿ ಸಾಕು.

"ಸರ್, ನನ್ನ ಕೋಟಿನ ಗುಂಡಿ ಬಿದ್ದೋಗಿದೆ. ಒಳಗೇ ಬಿದ್ದಿರಬೇಕು."

ಅವರು ಕೈ ಮೇಲೆತ್ತಿದರು. ಶೆಡ್ಡಿನ ಕೆಲಸವೆಲ್ಲ ನಿಂತಿತು. ಕಳೆದದ್ದು ಸಿಗುವ ತನಕ ಯಾರೂ ಯಾವುದಕ್ಕೂ ಕೈ ಹಚ್ಚುವಂತಿಲ್ಲ, ಅಲ್ಲಿಯ ನಿಯಮ ಅದು. ಟಾರ್ಚುಗಳು ಬಂದವು. ಒಬ್ಬರು ಕಿಂಡಿಯೊಳಗೆ ತೂರಿದರು, ಉಳಿದ ದೊಡ್ಡ ದೊಡ್ಡವರೆಲ್ಲ ನೆಲದ ಮೇಲೆ ಅಂಬೆಗಾಲಿಟ್ಟರು. ಅವಳೂ ಮಂಡಿಯೂರಿದಳು, ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

"ಹೋದ ವರ್ಷ ಸಾಹೇಬ್ರ ಕನ್ನಡಕದ ಸ್ಕ್ರೂ ಬಿದ್ದಿತ್ತು, ಎರಡು ದಿನ ಹುಡುಕಿದ್ವಿ" ಎಂದಳು ಪಕ್ಕದಲ್ಲಿ ತೆವಳುತ್ತಿದ್ದ ಹಿರಿಯ ಫಿಟ್ಟರಮ್ಮ. "ಗುಂಡಿ ಪರವಾಗಿಲ್ಲ ಬಿಡಮ್ಮ, ಕಣ್ಣಿಗಾದ್ರೂ ಕಾಣುತ್ತೆ."

ಸ್ವಲ್ಪ ಹೊತ್ತಿಗೆ ಹುಡುಗಿಯ ಟಾರ್ಚು ಏಣಿಯ ಬುಡದಲ್ಲಿ ಬಗ್ಗಿದ್ದ ಮುಖ್ಯ ಇಂಜಿನಿಯರ ಹಿಮ್ಮಡಿಯ ಹತ್ತಿರ ನಿಂತಿತು. "ಸರ್, ಅಲ್ಲಾಡ್ಬೇಡಿ."

ಅವರ ಹಳೇ ಕಾಲದ ಪ್ಯಾಂಟಿನ ತುದಿಯ ಮಡಿಕೆಯೊಳಗೆ, ದಾರದ ಸಮೇತ, ಗುಂಡಿ ಕೂತಿತ್ತು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು" ಎಂದಳು ಫಿಟ್ಟರಮ್ಮ. ಮೊದಲು ನಕ್ಕವರು ಮುಖ್ಯ ಇಂಜಿನಿಯರೇ. ಆಮೇಲೆ ಇಡೀ ಶೆಡ್ಡು ನಕ್ಕಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಗುಂಡಿಯನ್ನು ಅವಳ ಅಂಗೈಯಲ್ಲಿಡುತ್ತ ಅವರು ಹೇಳಿದರು: "ಸೋಮವಾರದಿಂದ ಬನ್ನಿ. ಈ ಕೋಟು ಮಾತ್ರ ಬೇಡ."

ಸೋಮವಾರ ಸಂಜೆ ಅವಳು ಕಂಪನಿಯ ನೀಲಿ ಉಡುಪಿನಲ್ಲೇ ಮನೆಗೆ ಬಂದಳು. ಸೂಜಿಗೆ ದಾರ ಪೋಣಿಸಿಕೊಂಡು ಕಾದಿದ್ದ ಅಜ್ಜಿ ಉಡುಪನ್ನು ಮೇಲಿಂದ ಕೆಳಗೆ ತಡಕಿದಳು.

"ಅಷ್ಟು ದೊಡ್ಡ ಕಂಪನಿ, ಒಂದು ಗುಂಡಿನೂ ಹಾಕಿಲ್ವಲ್ಲೇ."

"ಅಲ್ಲಿ ಗುಂಡಿ ಇರಬಾರ್ದು ಅಜ್ಜಿ. ಬರೀ ಜಿಪ್ಪು."

ಅಜ್ಜಿಗೆ ನಂಬಿಕೆ ಬರಲಿಲ್ಲ. ಸೂಜಿಯನ್ನು ತನ್ನ ರವಿಕೆಯ ತೋಳಿಗೆ ಚುಚ್ಚಿಕೊಂಡು, ಮೊಮ್ಮಗಳ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದು, ಒಮ್ಮೆ ಜಗ್ಗಿ ನೋಡಿದಳು.